ಮೂರು ದೇಶ ದಾಟಿ ಊರ ಹೆಸರು ಹೇಳಿದ್ದು

ಹೊರಡುವ ಮುನ್ನ

ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ವಿಮಾನವನ್ನು ಹತ್ತಿರದಿಂದ ನೋಡಿದವಳೂ ಅಲ್ಲ. ನಮ್ಮೂರ ಹತ್ತಿರ ವಿಮಾನ ಹಾರಿಸಿ ಪರೀಕ್ಷೆ ಮಾಡುವ ವರವು ಕಾವಲ್ ಬಯಲಿನ ಕಡೆ ಆಗಾಗ ಏನೋ ಸದ್ದು ಮಾಡಿಕೊಂಡು ಹಾರುತ್ತದೆ, ತಲೆಯೆತ್ತಿ ನೋಡುವಷ್ಟರಲ್ಲಿ ಹೋಗಿರುತ್ತದೆ. ಆದರೂ ಈ ಬೇಸಿಗೆಯಲ್ಲಿ ಜರ್ಮನಿ, ರೊಮೇನಿಯಾ, ಫಿನ್ಲೆಂಡ್ ಇಷ್ಟನ್ನೂ ಸುತ್ತಿ ಬಂದೆ. ಸುತ್ತಿದ್ದು ನನ್ನ ಫೋನು, ಸುಸ್ತಾಗಿದ್ದು ಮಾತ್ರ ನಾನು. ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ಊಟ, ಚಳಿ, ಗುಡಿಸಿದ ರಸ್ತೆ ಅಂತ ವರ್ಷಗಟ್ಟಲೆ ಹೇಳುತ್ತಾ ತಲೆ ತಿನ್ನುತ್ತಾರಲ್ಲ, ಹಾಗೆ ನನಗೂ ಹೇಳಲು ಒಂದಿಷ್ಟಿದೆ.

ನಮ್ಮದು ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮಿಲ್ಲು. ಉಗಾದಿ ಕಳೆದ ಮೇಲೆ ಒಂದು ದಿನ ಸ್ನಾನ ಮಾಡುವಾಗ ನನ್ನ ಎಡಗೈಯ ಒಳಮಗ್ಗುಲಲ್ಲಿ, ಮೊಣಕೈಗಿಂತ ಸ್ವಲ್ಪ ಕೆಳಗೆ, ಒಂದು ಬಿಳಿ ಮಚ್ಚೆ ಕಂಡಿತು. ಸುಣ್ಣ ತಾಗಿರಬೇಕು ಎಂದುಕೊಂಡೆ. ಕೊಬ್ಬರಿ ಎಣ್ಣೆ ಹಚ್ಚಿದೆ. ಅದು ಹೋಗುವುದಿರಲಿ, ಪಕ್ಕದಲ್ಲೇ ಇನ್ನೊಂದನ್ನು ಕರೆದುಕೊಂಡು ಬಂತು. ತೊನ್ನು ಎನ್ನುವ ಮಾತನ್ನು ನಮ್ಮ ಕಡೆ ಬಾಯಿಬಿಟ್ಟು ಆಡುವುದಿಲ್ಲ. ‘ಅವರ ಮನೇಲಿ ಅದು ಐತಂತೆ’ ಅಂತಾರೆ. ಅಷ್ಟು ಅಂದರೆ ಸಾಕು, ಆ ಮನೆಯ ಹೆಣ್ಣು ಕೇಳಲು ಯಾರೂ ಬರುವುದಿಲ್ಲ.

ಇದೇ ಹೊತ್ತಿಗೆ ನನ್ನ ಒಬ್ಬಳೇ ಮಗಳು ವೀಣಾಳಿಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದವರ ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಅಂಗಡಿ ನೋಡಿಕೊಳ್ಳುತ್ತಾನೆ. ವೀಣಾ ಕುದಾಪುರದ ಒಂದು ಸಂಶೋಧನಾ ಕೇಂದ್ರದಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಹೋಗುತ್ತಾಳೆ. ಇಬ್ಬರೂ ಫೋನಿನಲ್ಲಿ ಮಾತಾಡಲು ಶುರು ಮಾಡಿದ್ದರು. ಮಾತು ಮುಗಿಸಿ ಒಳಗೆ ಬರುವಾಗ ಅವಳ ಮುಖ ನೋಡಿದರೆ ನನಗೆ ಗೊತ್ತಾಗುತ್ತಿತ್ತು, ಹುಡುಗ ಅವಳಿಗೆ ಹಿಡಿಸಿದ್ದಾನೆ ಎಂದು. ಆದ್ದರಿಂದ ನಾನು ಏಪ್ರಿಲ್ ತಿಂಗಳ ಚಳ್ಳಕೆರೆಯಲ್ಲಿ, ಹಂಚು ಕಾದಂತೆ ಕಾಯುವ ಊರಿನಲ್ಲಿ, ಮಣಿಕಟ್ಟಿನವರೆಗೆ ತೋಳಿರುವ ರವಿಕೆ ಹೊಲಿಸಿಕೊಂಡೆ.

ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಚರ್ಮದ ಡಾಕ್ಟರ ಬಾಗಿಲಲ್ಲಿ ಕಾಯುತ್ತಾ ಕೂತರೆ ಅರ್ಧ ಊರು ನಮಸ್ಕಾರ ಹೇಳಿಕೊಂಡು ಹೋಗುತ್ತದೆ. ಹಾಗಾಗಿ ಫೋನನ್ನೇ ಕೇಳಿದೆ. ಕೇಳಿದ್ದೇ ತಪ್ಪಾಯಿತು. ನಮ್ಮ ಮನೆಯ ಎಲ್ಲ ಫೋನುಗಳಿಗೂ ಹಾಲಿನಲ್ಲಿರುವ ದೊಡ್ಡ ಟೀವಿಗೂ ಮಿಲ್ಲಿನ ಹೆಸರಿನ ಒಂದೇ ಖಾತೆ. ಫೋನ್ ಅಂಗಡಿಯವನು ಕೇಳಿದಾಗ ನಮ್ಮನೆಯವರು, ‘ಒಂದೇ ಮನೆ, ಒಂದೇ ಒಲೆ, ಖಾತೆ ಯಾಕೆ ನಾಕು’ ಅಂದಿದ್ದರಂತೆ. ಮಾರನೆಯ ಸಂಜೆ ಮಾರುಕಟ್ಟೆಯ ನಾಲ್ಕು ಜನ ಹಿರಿಯರು ಬಂದು ಕಾಫಿ ಕುಡಿಯುತ್ತಿದ್ದಾಗ ನಮ್ಮವರು ಟೀವಿ ಹಾಕಿದರು. ಪರದೆಯ ತುಂಬ ಬಿಳಿ ಮಚ್ಚೆಗೆ ಮದ್ದು, ಬಿಳಿ ಮಚ್ಚೆಗೆ ಲೇಪ, ಕಲೆ ಬಿದ್ದ ಕೈಕಾಲುಗಳು.

‘ಇದೇನ್ರೀ ಇದು?’ ಎಂದರು ಒಬ್ಬರು.

‘ಹೊಸಾ ಟೀವಿ ಕಣ್ರೀ, ಏನೇನೋ ತೋರಿಸ್ತೈತೆ’ ಎಂದರು ನಮ್ಮವರು. ನಾನು ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ತಟ್ಟೆಯನ್ನು ಅಲ್ಲೇ ಇಟ್ಟು ರವಿಕೆಯ ತೋಳನ್ನು ಮಣಿಕಟ್ಟಿಗೆ ಎಳೆದುಕೊಂಡೆ.

ಜರ್ಮನಿ

ವೀಣಾಳಿಗೆ ನಿಜ ಹೇಳಲಿಲ್ಲ. ‘ನಾನು ಏನ್ ನೋಡಿದ್ರೂ ನಿಮ್ಮಪ್ಪನ ಟೀವೀಲಿ ಬರ್ತೈತೆ, ನಂಗೆ ನಾಚಿಕೆ’ ಅಂದೆ ಅಷ್ಟೆ. ಅವಳು ನಕ್ಕು ನನ್ನ ಫೋನಿಗೆ ಗುರುತು ಮರೆಸುವ ಜಾಲದ ಒಂದು ಆ್ಯಪ್ ಹಾಕಿಕೊಟ್ಟಳು.

‘ನೋಡವ್ವಾ, ನೀನು ಕೇಳಿದ್ದು ನೆಟ್ಟಗೆ ಹೋಗಲ್ಲ. ಎಲ್ಲೋ ಒಂದು ದೇಶದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ ಆಚೆ ಬರ್ತೈತೆ. ಮೊದಲನೇದಕ್ಕೆ ನೀನ್ಯಾರು ಅಂತ ಗೊತ್ತು, ಏನ್ ನೋಡ್ತೀಯ ಗೊತ್ತಿಲ್ಲ. ಕೊನೇದಕ್ಕೆ ಯಾವ ಪುಟ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ.’

‘ಮಧ್ಯದ್ದಕ್ಕೆ?’

‘ಅದಕ್ಕೆ ಎರಡೂ ಗೊತ್ತಿಲ್ಲ.’

ಕೂಡುಕುಟುಂಬದ ನಡುವಿನ ಸೊಸೆಯ ಹಾಗೆ ಅಂದುಕೊಂಡೆ. ಮುಚ್ಚಿದ ಕೂಡಲೇ ಆ್ಯಪ್ ಎಲ್ಲವನ್ನೂ ಮರೆತುಬಿಡುತ್ತದೆ ಎಂದೂ ಹೇಳಿದಳು. ಫೋನ್ ಕಂಪನಿಗೆ ನೀನು ಈ ಜಾಲದಲ್ಲಿ ಇದ್ದೀಯ ಅನ್ನುವುದಷ್ಟೇ ಗೊತ್ತಾಗುತ್ತದೆ, ಒಳಗೆ ಮಾಡುವುದು ಗೊತ್ತಾಗುವುದಿಲ್ಲ. ಕೊನೆಗೆ ಬೆರಳೆತ್ತಿ ಎಚ್ಚರಿಸಿದಳು: ‘ಮಿಲ್ಲಿನ ಖಾತೆಯಿಂದ ಒಳಗೆ ಹೋಗಬ್ಯಾಡ. ಎಲ್ಲೂ ಹೆಸರು ಹೇಳಬ್ಯಾಡ. ಹೇಳಿದ್ರೆ ಇದೆಲ್ಲಾ ಮಾಡಿದ್ದೂ ದಂಡ.’

ಮಧ್ಯಾಹ್ನ ಎಲ್ಲರೂ ಊಟ ಮಾಡಿ ಮಲಗಿದ ಮೇಲೆ ಎಣ್ಣೆ ಡಬ್ಬಗಳಿಡುವ ಕೋಣೆಗೆ ಹೋಗಿ, ಬೋರಲು ಹಾಕಿದ ಡಬ್ಬದ ಮೇಲೆ ಕೂತು ಪ್ರಯಾಣ ಹೊರಟೆ. ಆ ಜಾಲದ ನಡಿಗೆ ತುಂಬಿದ ಬಸುರಿಯದು. ಒಂದು ಪುಟ ಬಿಚ್ಚುವಷ್ಟರಲ್ಲಿ ಒಂದು ಸೇರು ಅವರೆಕಾಯಿ ಬಿಡಿಸಬಹುದು. ನಾನು ಜರ್ಮನಿಯಲ್ಲಿದ್ದೇನೆ ಎಂದುಕೊಂಡು ಬಂದ ಪುಟವೂ ಜರ್ಮನ್ ಭಾಷೆಯಲ್ಲಿತ್ತು, ಕನ್ನಡಕ್ಕೆ ತಿರುಗಿಸುವ ಗುಂಡಿ ಒತ್ತಿ ಓದಿದೆ. ಮೂಲೆಯಲ್ಲಿ ಹವಾಮಾನ. ನಾನಿರುವ ಊರಿನಲ್ಲಿ ಮಳೆ ಬರುತ್ತಿದೆಯಂತೆ, ಸ್ವೆಟರ್ ಹಾಕಿಕೊಳ್ಳಬೇಕಂತೆ. ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು. ಓದಿಕೊಂಡು ಸುಮ್ಮನೆ ಕೂತೆ. ಸುಳ್ಳೇ ಆದರೂ ಎಷ್ಟು ತಂಪಾದ ಸುಳ್ಳು.

ಆ ಕಡೆಯವರ ಒಂದು ಅಭ್ಯಾಸ ನೋಡಿದೆ. ಯಾವ ಪುಟಕ್ಕೆ ಹೋದರೂ ಬಾಗಿಲಲ್ಲೇ ತಡೆದು ಅನುಮತಿ ಕೇಳುತ್ತಾರೆ. ನಿಮ್ಮ ಬಗ್ಗೆ ಇಷ್ಟು ತಿಳಿದುಕೊಳ್ಳಬಹುದೇ, ಇದನ್ನು ಇಟ್ಟುಕೊಳ್ಳಬಹುದೇ, ಬೇಡವೇ? ಬೇಡ ಎಂದು ಒತ್ತಿದರೆ ಬೇಸರವಿಲ್ಲದೆ ಸರಿಯುತ್ತಾರೆ. ನಮ್ಮಲ್ಲಿ ಹೊಸಬರು ಮನೆಗೆ ಬಂದರೆ ನೀರು ಕುಡಿದು ಲೋಟ ಕೆಳಗಿಡುವುದರೊಳಗೆ ಮೂರು ತಲೆಮಾರು ಕೇಳಿ ಮುಗಿದಿರುತ್ತದೆ. ಅನುಮತಿ ಎಲ್ಲಿಂದ ಬಂತು.

ರೊಮೇನಿಯಾ

ಇಲ್ಲಿ ನನಗೆ ಅವಮಾನವಾಯಿತು. ಆವತ್ತು ನಾನು ರೊಮೇನಿಯಾದಲ್ಲಿದ್ದೆ ಎಂದು ಪುಟ ಹೇಳಿತು. ಚರ್ಮದ ಕಾಯಿಲೆಯ ಬಗ್ಗೆ ಒಂದು ಲೇಖನ ತೆಗೆಯಲು ಹೋದರೆ, ನೀವು ಮನುಷ್ಯರೆಂದು ತೋರಿಸಿ ಎಂದು ಒಂಬತ್ತು ಚಿತ್ರ ಮುಂದಿಟ್ಟರು. ರಸ್ತೆ ಬದಿಯ ಕೆಂಪು ನಲ್ಲಿ ಇರುವ ಚಿತ್ರಗಳನ್ನು ಆರಿಸಬೇಕಂತೆ. ಬೆಂಕಿ ಬಿದ್ದರೆ ಅದರಿಂದ ನೀರು ಬಿಡುತ್ತಾರಂತೆ. ನಮ್ಮೂರಿನಲ್ಲಿ ಕುಡಿಯಲು ಬಿಡುವ ನಲ್ಲಿಯಲ್ಲೇ ನೀರು ಬಂದರೆ ಬಂತು, ಬೆಂಕಿಗೆಂದು ಬೀದಿಯಲ್ಲಿ ಕೆಂಪು ನಲ್ಲಿ ನೆಟ್ಟಿದ್ದನ್ನು ನಾನು ನೋಡಿಲ್ಲ. ಕೆಂಪಗೆ ಕಂಡದ್ದನ್ನೆಲ್ಲ ಒತ್ತಿದೆ. ಅಂಚೆಪೆಟ್ಟಿಗೆಯನ್ನೂ ಒತ್ತಿದೆನೆಂದು ಕಾಣುತ್ತದೆ. ಮತ್ತೆ ಒಂಬತ್ತು ಚಿತ್ರ. ಈ ಸಲ ಹೊಗೆ ಹೋಗುವ ಕೊಳವೆಗಳು. ಕೊನೆಗೆ, ನೀವು ಮನುಷ್ಯರೆಂದು ನಮಗೆ ಖಾತ್ರಿಯಾಗಲಿಲ್ಲ ಎಂದು ಬಾಗಿಲು ಹಾಕಿಕೊಂಡರು.

ಗುರುತು ಹೇಳದವರನ್ನು ಯಾರೂ ನಂಬುವುದಿಲ್ಲ ಎನ್ನುವುದು ಆ ದೇಶಗಳಲ್ಲೂ ಇದೆ ಅನ್ನಿ. ಈ ಜಾಲದಿಂದ ಬರುವವರನ್ನು ಎಷ್ಟೋ ಪುಟಗಳು ಕಳ್ಳರ ಹಾಗೆ ನೋಡುತ್ತವೆ ಎಂದು ವೀಣಾ ಆಮೇಲೆ ಹೇಳಿದಳು. ಡಬ್ಬದ ಮೇಲೆ ಕೂತು ಕೂತು ನನ್ನ ಸೊಂಟ ಹಿಡಿದಿತ್ತು. ಐವತ್ತರ ಹತ್ತಿರದ ಹೆಂಗಸು ಸ್ವಂತ ಮನೆಯಲ್ಲಿ, ಬಾಗಿಲು ಚಿಲಕ ಹಾಕಿಕೊಂಡು, ಹೊರದೇಶದವರಿಂದ ಬೈಸಿಕೊಳ್ಳುವ ಗತಿ.

ಫಿನ್ಲೆಂಡ್

ಹೀಗೆ ಅಲೆದು ಅಲೆದು ಒಂದು ಮಧ್ಯಾಹ್ನ ಬಿಳಿ ಮಚ್ಚೆ ಇರುವವರೇ ಮಾತಾಡಿಕೊಳ್ಳುವ ಒಂದು ಪುಟ ಸಿಕ್ಕಿತು. ಯಾವ ಭಾಷೆಯಲ್ಲಿ ಬರೆದರೂ ಅದೇ ಭಾಷಾಂತರ ಮಾಡಿಕೊಳ್ಳುತ್ತದೆ. ಕನ್ನಡವನ್ನು ತಲೆಕೆಳಗು ಮಾಡಿ ಹೇಳಿದರೂ ಅರ್ಥವಾಗುತ್ತದೆ. ಎಲ್ಲರೂ ಸುಳ್ಳು ಹೆಸರಿನವರೇ. ಒಬ್ಬರು ಗುಬ್ಬಚ್ಚಿ, ಒಬ್ಬರು ಮೋಡ. ಮದುವೆ ದಿನ ಮುಖಕ್ಕೆ ಬಣ್ಣ ಬಳಿದುಕೊಂಡವಳು, ಈಜುಕೊಳದಿಂದ ಎಬ್ಬಿಸಿ ಕಳಿಸಲ್ಪಟ್ಟವನು, ಈಗ ಮುಚ್ಚಿಕೊಳ್ಳುವುದನ್ನೇ ಬಿಟ್ಟವರು, ಎಲ್ಲರೂ ಇದ್ದರು. ಓದುತ್ತಾ ಓದುತ್ತಾ ನನಗೆ ಅಳು ಬಂತು. ಉಗಾದಿಯಿಂದ ಅವತ್ತಿನವರೆಗೆ ಒಂದು ಸಲವೂ ಅತ್ತಿರಲಿಲ್ಲ.

ಅಲ್ಲಿ ಫಿನ್ಲೆಂಡಿನ ಒಬ್ಬ ಹೆಂಗಸು ಬಂದವರಿಗೆಲ್ಲ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದಳು. ಅವಳನ್ನು ಕೇಳೋಣ ಎಂದುಕೊಂಡೆ. ಪುಟ ಒಂದು ಹೆಸರು, ಒಂದು ಗುಪ್ತಪದ ಕೇಳಿತು. ಮಲ್ಲಿಗೆ ಎಂದು ಹೆಸರಿಟ್ಟುಕೊಂಡೆ. ಗುಪ್ತಪದಕ್ಕೆ ಅಂಕಿ ಬೇಕು, ಚಿಹ್ನೆ ಬೇಕು ಎಂದು ಕಾಡಿತು, ಕೈಗೆ ಬಂದದ್ದನ್ನು ಒತ್ತಿದೆ. ಆಮೇಲೆ ಬರೆಯಲು ಕೂತೆ.

ಇಲ್ಲೇ ನೋಡಿ ನನ್ನ ಬುದ್ಧಿ ಕೆಟ್ಟಿದ್ದು. ಒಬ್ಬ ದೊಡ್ಡ ಮನಸ್ಸಿನ ಹೆಂಗಸಿನ ಹತ್ತಿರ ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದೇನೆ, ಯಾರ ಪೈಕಿ ಎಂದು ಹೇಳದೆ ಹೇಗೆ ಮಾತು ಶುರು ಮಾಡುವುದು? ನಾವು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹಾಗೆ ಮಾಡುವುದಿಲ್ಲ. ಹಾಗಾಗಿ ಬರೆದೆ: ‘ಅಮ್ಮಾ, ನಮಸ್ಕಾರ. ನಾನು ಗಿರಿಜಮ್ಮ. ನಮ್ಮದು ಚಳ್ಳಕೆರೆ. ಎಣ್ಣೆ ಮಿಲ್ಲಿದೆ.’ ಮಿಲ್ಲಿನ ಹೆಸರು ಬರೆದೆ. ನಮ್ಮನೆಯವರ ಹೆಸರು ಬರೆದೆ. ‘ನನ್ನ ತವರು ತಳಕು. ಒಬ್ಬಳೇ ಮಗಳು, ಮೊಳಕಾಲ್ಮೂರಿನ ಕಡೆ ಮಾತುಕತೆ ನಡೆದಿದೆ. ನನ್ನ ಕೈಮೇಲೆ ಎರಡು ಬಿಳಿ ಮಚ್ಚೆ ಬಂದಿವೆ. ಮಗಳಿಗೂ ಬರುತ್ತದಾ? ಇದೊಂದು ಹೇಳಿ, ನಿಮ್ಮ ಹೊಟ್ಟೆ ತಣ್ಣಗಿರಲಿ.’

ಕಳಿಸಿ ಮುಚ್ಚಿದೆ. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಉತ್ತರ ಬಂದಿತ್ತು. ಇದು ಮುಟ್ಟಿದರೆ ಬರುವುದಿಲ್ಲ. ಮನೆತನದಲ್ಲಿ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ತುಸು ಹೆಚ್ಚು, ಆದರೆ ಬಹಳಷ್ಟು ಮಕ್ಕಳಿಗೆ ಬರುವುದಿಲ್ಲ. ಚಿಕಿತ್ಸೆ ಇದೆ, ದಯವಿಟ್ಟು ಡಾಕ್ಟರಿಗೆ ತೋರಿಸಿ. ಕೊನೆಯಲ್ಲಿ ಬೇರೆ ಸಾಲಿನಲ್ಲಿ: ‘ಪ್ರಿಯ ಮಲ್ಲಿಗೆ, ಇಲ್ಲಿ ಬರೆದದ್ದನ್ನು ಯಾರು ಬೇಕಾದರೂ ಓದಬಹುದು. ನಿಮ್ಮ ಹೆಸರನ್ನು ತಕ್ಷಣ ತೆಗೆದುಹಾಕಿ.’

ತೆಗೆಯುವುದು ಹೇಗೆ? ಮಲ್ಲಿಗೆಯಾಗಿ ಒಳಗೆ ಹೋಗಬೇಕು, ಗುಪ್ತಪದ ಬೇಕು. ಅದು ನನಗೆ ನೆನಪಿಲ್ಲ. ಆ್ಯಪಿಗಂತೂ ಯಾವುದೂ ನೆನಪಿರುವುದಿಲ್ಲ, ಅದು ಅದರ ಗುಣ. ಪುಟ ನಡೆಸುವವರಿಗೆ ಬರೆದೆ, ನೀವೇ ಮಲ್ಲಿಗೆ ಎನ್ನುವುದಕ್ಕೆ ಏನು ಸಾಕ್ಷಿ ಎಂದು ಕೇಳಿದರು. ಮಗಳನ್ನು ಕೇಳಿದರೆ ಎಲ್ಲ ಹೇಳಬೇಕಾಗುತ್ತದೆ. ಮೂರು ದೇಶದ ಮರೆಯಲ್ಲಿ ಅಡಗಿ ಕೂತು, ಮೈಕು ಹಿಡಿದು ಊರ ಹೆಸರು ಕೂಗಿದ ಹಾಗಾಯಿತು ನನ್ನ ಕಥೆ.

ತಳಕು

ಮೇ ಕೊನೆಯಲ್ಲಿ ಮೊಳಕಾಲ್ಮೂರಿನಿಂದ ಕರೆ ಬಂತು. ಹುಡುಗನ ತಾಯಿ ಸರ್ವಮಂಗಳಮ್ಮನವರೇ ಮಾತಾಡಿದರು. ನಿಶ್ಚಿತಾರ್ಥದ ಸೀರೆ ಹೆಣ್ಣುಮಕ್ಕಳೇ ಬಂದು ಆರಿಸಿಕೊಳ್ಳಿ ಎಂದರು. ನಮ್ಮವರಿಗೆ ಮಿಲ್ಲಿನಲ್ಲಿ ಕೆಲಸ. ನಾನೂ ವೀಣಾಳೂ ಬಸ್ಸು ಹತ್ತಿದೆವು.

ದಾರಿಯುದ್ದಕ್ಕೂ ನಾನು ಫೋನು ಹಿಡಿದು ಆ ಪುಟದ ಬಾಗಿಲು ಬಡಿಯುತ್ತಲೇ ಇದ್ದೆ. ತಳಕಿನಲ್ಲಿ ಬಸ್ಸು ನಿಂತಾಗ ಸಿಗ್ನಲ್ ಸಿಕ್ಕಿತು. ನೆನಪಿಗೆ ಬಂದ ಅಂಕಿಗಳನ್ನೆಲ್ಲ ಹಾಕಿದೆ. ತಪ್ಪು. ನನ್ನ ತವರಿನ ಹಳೆಯ ಅಂಗಡಿಸಾಲು ಕಿಟಕಿಯಾಚೆ ಇತ್ತು, ಶೇಂಗಾ ಮೂಟೆ ಹೇರುತ್ತಿದ್ದರು, ನಾನು ಎಲ್ಲಿದ್ದೇನೆಂದು ಫೋನು ತಿಳಿದಿತ್ತೋ ದೇವರೇ ಬಲ್ಲ. ಕೊನೆಗೆ ನಿಮ್ಮನ್ನು ತಡೆಹಿಡಿಯಲಾಗಿದೆ ಎಂದು ಬಂತು.

‘ಯಾಕವ್ವಾ, ಫೋನ್ ಬಿಡ್ತಾನೇ ಇಲ್ವಲ್ಲ’ ಎಂದಳು ವೀಣಾ.

‘ಏನಿಲ್ಲ, ಅಡುಗೆ.’

ಅವಳು ನನ್ನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಬೆಳಿಗ್ಗೆಯೇ ಎದ್ದು ತಲೆಗೆ ಎರೆದುಕೊಂಡಿದ್ದಳು. ಕೂದಲಿನಿಂದ ಸೀಗೆಪುಡಿಯ ವಾಸನೆ ಬರುತ್ತಿತ್ತು. ಈಗ ಹೇಳಿಬಿಡಲೇ ಎಂದುಕೊಂಡೆ. ಹೇಳಲಿಲ್ಲ.

ಮೊಳಕಾಲ್ಮೂರು

ಅವರದು ಮುಂದೆ ಅಂಗಡಿ, ಹಿಂದೆ ಮನೆ. ಪಕ್ಕದ ಬೀದಿಯಿಂದ ಮಗ್ಗದ ಸದ್ದು ಬರುತ್ತಿತ್ತು. ಹುಡುಗ ಅಂಗಡಿಯಲ್ಲಿರಲಿಲ್ಲ, ಆಂಧ್ರದ ಕಡೆ ಹೋಗಿದ್ದಾನೆ ಎಂದರು. ಸರ್ವಮಂಗಳಮ್ಮ ಬಿಳಿ ಹಾಸಿನ ಮೇಲೆ ಒಂದರ ಮೇಲೊಂದು ಸೀರೆ ಬಿಚ್ಚಿದರು. ವೀಣಾ ಒಂದು ನೇರಳೆ ಬಣ್ಣದ ಸೀರೆಯನ್ನು ಎದೆಗಿಟ್ಟುಕೊಂಡು ಕನ್ನಡಿಯ ಮುಂದೆ ನಿಂತಳು. ಅಂಚಿನಲ್ಲಿ ಸಣ್ಣ ಗಿಳಿಗಳಿದ್ದವು.

‘ಇದೇ ಇರ್ಲಿ ಕಣಮ್ಮಾ, ನಿಂಗೆ ಬಾಗುಂದಿ, ಒಪ್ತೈತೆ’ ಎಂದರು ಅವರು. ಗಡಿಯ ಊರಿನವರಲ್ಲವೇ, ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ. ‘ಒಳಗೆ ಕಾಫಿ ಐತೆ, ಹೋಗಿ ತಗಂಬಾ.’

ವೀಣಾ ಒಳಗೆ ಹೋದಳು. ಸರ್ವಮಂಗಳಮ್ಮ ಸೊಂಟದಿಂದ ಫೋನು ತೆಗೆದು ನನ್ನ ಮುಂದೆ ಹಿಡಿದರು. ಪರದೆಯ ಮೇಲೆ ನಾನು ಬರೆದದ್ದೇ ಇತ್ತು: ಅಮ್ಮಾ, ನಮಸ್ಕಾರ. ನಾನು ಗಿರಿಜಮ್ಮ. ನಮ್ಮದು ಚಳ್ಳಕೆರೆ.

‘ನಮ್ಮ ದೊಡ್ಡ ಹುಡುಗಿ ನಿಮ್ಮ ಮಿಲ್ಲಿನ ಹೆಸರು ಹಾಕಿ ನೋಡಿದ್ಲಂತೆ. ಈಗ ಎಲ್ಲಾರೂ ನೋಡ್ತಾರಲ್ರೀ, ನಾವೂ ನೋಡಿದ್ವಿ. ಇದು ಬಂತು. ನೀವೇನಾ?’

ಅಲ್ಲ ಅನ್ನಬಹುದಿತ್ತು. ಯಾರೋ ಹೊಟ್ಟೆಕಿಚ್ಚಿಗೆ ನನ್ನ ಹೆಸರಿನಲ್ಲಿ ಬರೆದಿದ್ದಾರೆ ಅಂದಿದ್ದರೆ ಅವರು ನಂಬುತ್ತಿದ್ದರು, ನಂಬಲು ಕಾಯುತ್ತಲೂ ಇದ್ದರು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನಗೆ ಎಷ್ಟು ಆಯಾಸವಾಗಿತ್ತೆಂದರೆ, ಇನ್ನೊಂದು ಸುಳ್ಳನ್ನು ಹೊತ್ತುಕೊಂಡು ನಡೆಯುವ ಶಕ್ತಿ ಇರಲಿಲ್ಲ. ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಕೈ ತೋರಿಸಿದೆ.

ಅವರು ಮುಟ್ಟಲಿಲ್ಲ. ಹಿಂದಕ್ಕೂ ಸರಿಯಲಿಲ್ಲ. ‘ನೀವು ನಂಗೆ ಬಂದು ಹೇಳಿದ್ರೆ ನಾನೇ ನಮ್ಮನೇರಿಗೆ ಏನೋ ಒಂದು ಹೇಳಿ ಒಪ್ಪಿಸ್ತಿದ್ದೆನೇನೋ’ ಎಂದರು. ‘ಯಾವ್ದೋ ದೇಶದಾಕೆಗೆ ಅಮ್ಮಾ ಅಂದು ಹೇಳ್ಕಂಡಿದೀರಿ. ನಂಗೆ ಹೇಳ್ಲಿಲ್ಲ.’

ತಲೆಯೆತ್ತಿದರೆ ಬಾಗಿಲಲ್ಲಿ ವೀಣಾ. ಕೈಯಲ್ಲಿ ಕಾಫಿ ಲೋಟ. ನನ್ನ ಕೈ ನೋಡುತ್ತಿದ್ದಳು.

‘ಏಂ ಲೇದಮ್ಮಾ, ಏನೂ ಇಲ್ಲ’ ಎಂದರು ಸರ್ವಮಂಗಳಮ್ಮ. ‘ಈ ವರ್ಷ ಗುರುಬಲ ಐತೋ ಇಲ್ವೋ ಸ್ವಾಮ್ಯೋರನ್ನ ಕೇಳಿ ಹೇಳ್ತೀವಿ.’ ಹೇಳುತ್ತಲೇ ಸೀರೆಗಳನ್ನು ಮಡಿಸತೊಡಗಿದರು. ಕೈ ಪಳಗಿದವರು, ಗೆರೆ ತಪ್ಪದಂತೆ ಮಡಿಸಿದರು. ನೇರಳೆ ಸೀರೆಯನ್ನು ಕೊನೆಗೆ ಮಡಿಸಿದರು.

ಮರಳುವ ಬಸ್ಸು

ವೀಣಾ ಕಿಟಕಿಯ ಪಕ್ಕ ಕೂತಳು. ಕೈಯಲ್ಲಿ ಫೋನಿತ್ತು. ಆಗಾಗ ಬೆಳಕು ಮಾಡಿ ನೋಡುತ್ತಿದ್ದಳು. ಆ ಹುಡುಗನಿಂದ ಏನೂ ಬರಲಿಲ್ಲ. ತಳಕು ದಾಟಿದ ಮೇಲೆ ಕೇಳಿದಳು.

‘ಯಾವಾಗಿಂದವ್ವಾ?’

‘ಉಗಾದಿ ಆದ್ಮ್ಯಾಲೆ.’

‘ನಾನು ದಿನಾ ನಿನ್ನ ಪಕ್ಕದಾಗೇ ಉಣ್ತೀನಿ.’

‘ನಿನ್ನ ಮದುವೆ ಕೆಡ್ತೈತೆ ಅಂತ...’

‘ಆ ಮನ್ಯಾಗೆ ನಾನು ಬಾಳೋಕ್ ಹೋದ್ಮ್ಯಾಲೆ ಗೊತ್ತಾಗಿದ್ರೆ? ಅವರವ್ವ ನಿನ್ನ ಕೇಳ್ತಿರಲಿಲ್ಲ, ನನ್ನ ಕೇಳ್ತಿದ್ಲು.’ ಫೋನನ್ನು ಮಡಿಲಿನಲ್ಲಿ ಬೋರಲು ಹಾಕಿದಳು. ‘ಆ ಆ್ಯಪ್ ಹಾಕ್ಕೊಟ್ಟಿದ್ದು ನಾನೇ. ನನ್ನಿಂದ ಬಚ್ಚಿಟ್ಕೊಳ್ಳೋಕೆ ನಾನೇ ಕಲಿಸ್ಕೊಟ್ಟೆ.’

ಇಡೀ ಬೇಸಿಗೆ ಯಾರಿಗೂ ಕಾಣದ ಹಾಗೆ ಇರುವುದು ಹೇಗೆಂದು ಕಲಿತೆ. ಅವಳಿಗೂ ಕಾಣದೆ ಹೋಗಿದ್ದೆ.

‘ಎಲ್ಲಿ ಬರ್ದಿದೀಯ, ತೋರ್ಸು’ ಎಂದಳು. ಪುಟದ ಹೆಸರು ಹೇಳಿದೆ. ತನ್ನ ಫೋನಿನಲ್ಲೇ ತೆಗೆದಳು. ಯಾವ ಮರೆಯೂ ಇಲ್ಲದೆ ನೇರವಾಗಿ ಹೋಗಿದ್ದಕ್ಕೆ ಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ನಾನು ಬರೆದದ್ದನ್ನು ಓದಿದಳು, ಫಿನ್ಲೆಂಡಿನವಳ ಉತ್ತರವನ್ನೂ ಓದಿದಳು. ಆಮೇಲೆ ಬಹಳ ಹೊತ್ತು ಏನೋ ಒತ್ತುತ್ತಾ ಕೂತಳು. ಅಳಿಸಲು ದಾರಿ ಹುಡುಕುತ್ತಿದ್ದಾಳೆ ಎಂದುಕೊಂಡೆ. ಮುಗಿಸಿ ಫೋನನ್ನು ನನ್ನ ಮಡಿಲಿಗೆ ಹಾಕಿ ಕಿಟಕಿಯತ್ತ ತಿರುಗಿದಳು.

ನನ್ನ ಪ್ರಶ್ನೆಯ ಕೆಳಗೆ, ಎಲ್ಲರಿಗೂ ಕಾಣುವಂತೆ ಬರೆದಿದ್ದಳು: ‘ನಾನು ಈಕೆಯ ಮಗಳು ವೀಣಾ. ಊರು ಚಳ್ಳಕೆರೆ, ಅದೇ ಮಿಲ್ಲು. ಮಗಳಿಗೂ ಬರುತ್ತದಾ ಎಂದು ನಮ್ಮವ್ವ ಕೇಳಿದ್ದಾಳೆ. ಬಂದರೆ ನಮ್ಮವ್ವನಿಂದ ಬಂತು ಎಂದು ಹೇಳುತ್ತೇನೆ. ನನ್ನ ಮೂಗು, ನನ್ನ ಸಿಟ್ಟು ಎಲ್ಲ ಅಲ್ಲಿಂದಲೇ ಬಂದದ್ದು. ನಾಳೆ ಇಬ್ಬರೂ ಡಾಕ್ಟರ ಹತ್ತಿರ ಹೋಗುತ್ತೇವೆ.’

ಬಸ್ಸಿನ ತುಂಬ ಜನ. ಸೆರಗು ಬಾಯಿಗೆ ಒತ್ತಿಕೊಂಡರೂ ಅಳು ತಡೆಯಲಾಗಲಿಲ್ಲ. ಆಚೆ ಮಗ್ಗುಲಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಬಗ್ಗಿ ನೋಡಿದಳು.

‘ಯಾಕವ್ವಾ ಅಳ್ತೀಯಾ? ಏನಾತು? ಯಾವೂರು, ಯಾರ ಪೈಕಿ ನೀನು?’

ಹೇಳಿದೆ. ತೋಳು ಸರಿಸಿ, ಮೊದಲಿಂದ ಹೇಳಿದೆ.